ಸಭಾಂಗಣವೋ, ದತ್ತಿನಿಧಿಯೋ, ತಿಂಗಳ ವಂತಿಗೆಯೋ? ಹಳೆ ವಿದ್ಯಾರ್ಥಿ ಸಂಘಗಳಿಗೊಂದು ಹೋಲಿಕೆ

ಮಹಾಸಭೆ ಮುಗಿದು ಚಹಾ, ಅಂಬಡೆ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಎದ್ದು, “ಈ ಸಲ ಒಂದು ಸಭಾಂಗಣ ಕಟ್ಟಿಸಿಯೇ ಬಿಡೋಣ” ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಉಡುಪಿಯ ಒಂದು ಪದವಿ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದಲ್ಲಿ ಮೊದಲು ಕೋಶಾಧಿಕಾರಿಯಾಗಿ, ಆಮೇಲೆ ಕಾರ್ಯದರ್ಶಿಯಾಗಿ 11 ವರ್ಷ ಕಳೆದ ನನಗೆ ಆ ಚಪ್ಪಾಳೆ ಕೇಳಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಚಪ್ಪಾಳೆ ತಟ್ಟಿದವರು ಊಟ ಮಾಡಿ ಮನೆಗೆ ಹೋಗುತ್ತಾರೆ. ರಸೀದಿ ಪುಸ್ತಕ ನಮ್ಮ ಕೈಯಲ್ಲಿ ಉಳಿಯುತ್ತದೆ.

ಈಚೆಗೆ ಕರಾವಳಿಯ ಬೇರೆ ಬೇರೆ ಕಾಲೇಜುಗಳಿಂದ, ಹೊಸದಾಗಿ ಪದಾಧಿಕಾರಿಗಳಾದವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ಹಳೆ ವಿದ್ಯಾರ್ಥಿಗಳ ಮುಂದೆ ಯಾವ ಯೋಜನೆ ಇಡಬೇಕು? ಎಷ್ಟು ಹಣ ಬರುತ್ತದೆ ಎಂಬ ಲೆಕ್ಕದಿಂದ ಆರಿಸಲು ಹೊರಟರೆ ದಾರಿ ತಪ್ಪುತ್ತದೆ. ಹಣ ಬಂದ ಮರುದಿನದಿಂದ ಯಾರಿಗೆ ಎಷ್ಟು ಕೆಲಸ ಉಳಿಯುತ್ತದೆ, ಆ ಕೆಲಸ ಮಾಡುವ ಜನ ನಿಮ್ಮಲ್ಲಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು. ಕೆಳಗಿನ ಹೋಲಿಕೆಯೆಲ್ಲ ಅದೇ ತಕ್ಕಡಿಯಲ್ಲಿ ತೂಗಿದ್ದು.

ನಮ್ಮ ಜನ ಕೊಡುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಮುಂಬಯಿ ಸಮಿತಿ, ಬೆಂಗಳೂರು ಸಮಿತಿ, ದುಬೈ ಸಮಿತಿ ಎಂದು ಮೂರು ತಿಂಗಳಲ್ಲಿ ಹುಟ್ಟಿಕೊಳ್ಳುತ್ತವೆ. ವಿದ್ಯೆಗೆ ಕೊಡುವುದೂ ಇಲ್ಲಿ ಹೊಸದೇನಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಆರಂಭಿಸಿದ್ದು 1891ರಲ್ಲಿ. ಕೆನರಾ ಬ್ಯಾಂಕಿನ ಹುಟ್ಟು 1906ರದು. ಅಂದರೆ ಬ್ಯಾಂಕಿಗಿಂತ 15 ವರ್ಷ ಮೊದಲೇ ಶಾಲೆ ಬಂದಿತ್ತು. ಹಾಗಿದ್ದೂ ಕಾಲೇಜಿನ ಸಂಘಕ್ಕೆ ಹಣ ಹುಟ್ಟುವುದಿಲ್ಲ ಎಂದರೆ ಕಾರಣ ಸರಳ. ದೇವಸ್ಥಾನದ ಸಮಿತಿಯವರು ಮನೆ ಮನೆಗೆ ಬರುತ್ತಾರೆ, ಎರಡು ಸಲ ಬರುತ್ತಾರೆ, ಕೊನೆಗೆ ಖರ್ಚುವೆಚ್ಚದ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ನಾವು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಮಾತ್ರ ಹಳೆ ವಿದ್ಯಾರ್ಥಿಗಳನ್ನು ನೆನೆಯುತ್ತೇವೆ. ನ್ಯಾಕ್‌ನ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಒಡನಾಟಕ್ಕೆಂದೇ 5.4 ಎಂಬ ಕಲಮು ಇದೆ. ಅದನ್ನು ತುಂಬಿಸಲು ತರಾತುರಿಯಲ್ಲಿ ಕರೆದ ಸಭೆಗೆ ಬಂದವರು ಮತ್ತೆ ಬರುವುದಿಲ್ಲ.

ಕೇಳುವವರು ಯಾರು?

ಯೋಜನೆಗೆ ಮೊದಲು ಇದನ್ನು ತೀರ್ಮಾನಿಸಿ. ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ. ಅದರ ಹೆಸರಿನ ಪದವಿಪತ್ರ ನಮ್ಮ ಜಿಲ್ಲೆಗಳ ಅಸಂಖ್ಯ ಮನೆಗಳಲ್ಲಿದೆ. ಆದರೆ ಕಾರ್ಕಳದಲ್ಲೋ ಕುಂದಾಪುರದಲ್ಲೋ ಬಿ.ಕಾಂ. ಮುಗಿಸಿದವರಿಗೆ “ನಿಮ್ಮ ವಿಶ್ವವಿದ್ಯಾಲಯಕ್ಕೆ ಕೊಡಿ” ಎಂದರೆ ಏನೂ ಅನ್ನಿಸುವುದಿಲ್ಲ, ಏಕೆಂದರೆ ಅವರು ವಿಶ್ವವಿದ್ಯಾಲಯವಿರುವ ಕೊಣಾಜೆಯ ಗುಡ್ಡ ಹತ್ತಿದ್ದು ಅಂಕಪಟ್ಟಿ ತಿದ್ದಿಸಲು ಮಾತ್ರ. ಅವರ ಋಣ ಇರುವುದು ಕಾಲೇಜಿಗೆ, ಕಾಲೇಜಿಗಿಂತಲೂ ಒಬ್ಬಿಬ್ಬರು ಮೇಷ್ಟ್ರಿಗೆ, ಹಾಸ್ಟೆಲಿಗೆ, ಎನ್‌ಸಿಸಿಗೆ, ಯಕ್ಷಗಾನ ತಂಡಕ್ಕೆ. ಕೊಣಾಜೆಯಲ್ಲಿಯೇ ಎಂ.ಎ., ಎಂ.ಎಸ್ಸಿ. ಓದಿದವರ ಮಾತು ಬೇರೆ. ಅವರನ್ನು ವಿಭಾಗದ ಹೆಸರಿನಲ್ಲಿ ಕೇಳಬೇಕು. ಕುಲಪತಿಗಳ ಸಹಿಯಿರುವ ಪತ್ರಕ್ಕಿಂತ, ಅಂದು ಪ್ರಯೋಗಾಲಯದ ಬೀಗದ ಕೈ ಇಟ್ಟುಕೊಂಡಿದ್ದ ಸಹಪಾಠಿಯ ಒಂದು ಫೋನ್ ಕರೆಗೆ ಹೆಚ್ಚು ಬೆಲೆ. ನಮ್ಮ ಅನುಭವದಲ್ಲಿ ಬ್ಯಾಚಿನವರೇ ಬ್ಯಾಚಿನವರನ್ನು ಕೇಳಿದಾಗ ಕೆಲಸವಾಗಿದೆ, ಸಂಘದ ಅಧ್ಯಕ್ಷರು ಕೇಳಿದಾಗ ಶುಭ ಹಾರೈಕೆಗಳು ಬಂದಿವೆ.

ಹಣ ಯಾರ ಹೆಸರಿನಲ್ಲಿ ಜಮೆಯಾಗಬೇಕು ಎಂಬುದು ಇದರ ಜೊತೆಗಿನ ಪ್ರಶ್ನೆ. ಖಾಸಗಿ ಆಡಳಿತದ ಕಾಲೇಜಾದರೆ ಅದರ ಟ್ರಸ್ಟಿಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿಯ ನೋಂದಣಿ ಇರುತ್ತದೆ, ಲೆಕ್ಕಪರಿಶೋಧಕರು ಇರುತ್ತಾರೆ. ಸಂಘಕ್ಕೆ ತಲೆನೋವು ಕಡಿಮೆ, ಹಿಡಿತವೂ ಕಡಿಮೆ. ಸ್ವಂತ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಿಕೊಳ್ಳಲು ಕನಿಷ್ಠ 7 ಮಂದಿ ಸಾಕು. ಆಮೇಲೆ ವರ್ಷ ವರ್ಷ ಮಹಾಸಭೆ, ಲೆಕ್ಕಪರಿಶೋಧನೆ, ನೋಂದಣಾಧಿಕಾರಿಗೆ ಕಾಗದಪತ್ರ ತಪ್ಪುವುದಿಲ್ಲ. ಸರಕಾರಿ ಕಾಲೇಜಾದರೆ ಸ್ವಂತ ಸಂಘವೇ ಲೇಸು. ಸರಕಾರದ ಖಾತೆಗೆ ಹೋದ ಹಣದಿಂದ ಒಂದು ಕುಕ್ಕರ್ ಕೊಳ್ಳಲು ಎಷ್ಟು ಸಹಿ ಬೇಕು ಎಂಬುದು ಅಲ್ಲಿನ ಪ್ರಾಂಶುಪಾಲರಿಗೇ ಗೊತ್ತು.

ಕಟ್ಟಡ: ಬೇಗ ಬರುವ ಹಣ, ನಿಧಾನವಾಗಿ ಬರುವ ಬಿಲ್ಲು

ಕಟ್ಟಡಕ್ಕೆ ಹಣ ಎತ್ತುವುದು ಎಲ್ಲಕ್ಕಿಂತ ಸುಲಭ. ಕಣ್ಣಿಗೆ ಕಾಣುತ್ತದೆ, ಅಮೃತಶಿಲೆಯಲ್ಲಿ ಹೆಸರು ಕೆತ್ತಬಹುದು, ಶಂಕುಸ್ಥಾಪನೆಗೆ ಶಾಸಕರು ಬರುತ್ತಾರೆ. ಶತಮಾನೋತ್ಸವ ಅಥವಾ ಸುವರ್ಣ ಮಹೋತ್ಸವದ ವರ್ಷವಾದರೆ ಇನ್ನೂ ಸುಲಭ.

ಕಷ್ಟ ಇರುವುದು ಉದ್ಘಾಟನೆಯ ಮರುದಿನದಿಂದ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ತಗಡು, ಕಬ್ಬಿಣ, ಬಣ್ಣ ಯಾವುದೂ ಬಹುಕಾಲ ಬಾಳುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಗಳೇ ಕಟ್ಟಿಸಿಕೊಟ್ಟ ಹವಾನಿಯಂತ್ರಿತ ಸಭಾಂಗಣವಿದೆ. ಮೊದಲ ವರ್ಷದ ವಿದ್ಯುತ್ ಬಿಲ್ಲು ನೋಡಿದ ಆಡಳಿತದವರು ಹವಾನಿಯಂತ್ರಣದ ಸ್ವಿಚ್ಚಿಗೆ ಬೀಗ ಹಾಕಿದರು. ಮೂರನೆಯ ಮಳೆಗಾಲದಲ್ಲಿ ವೇದಿಕೆಯ ಬಲಮೂಲೆಯಲ್ಲಿ ನೀರು ಸೋರಿತು. ದಾನಿಗಳ ಹೆಸರಿನ ಶಿಲಾಫಲಕದ ಕೆಳಗೆ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟರು. ಅದು ಬಹಳ ದಿನ ಅಲ್ಲಿಯೇ ಇತ್ತು. ಫಲಕದಲ್ಲಿ ಏಳನೆಯ ಹೆಸರು ನನ್ನದು, ಆದ್ದರಿಂದ ಬಕೆಟಿನ ಬಣ್ಣವೂ ನೆನಪಿದೆ: ಹಸಿರು.

ಕಟ್ಟಡವನ್ನೇ ಆರಿಸುವುದಾದರೆ ಅಂದಾಜು ವೆಚ್ಚದ ಐದನೇ ಒಂದು ಪಾಲನ್ನು ನಿರ್ವಹಣೆಗೆಂದು ಮೊದಲೇ ಠೇವಣಿ ಇಡಿ. ಅಷ್ಟು ಹಣ ಬಾರದೆ ಕೆಸರುಕಲ್ಲು ಹಾಕಬೇಡಿ. ಜಾಗ ಯಾರದೋ ಕಟ್ಟಡವೂ ಅವರದೇ ಎಂಬುದನ್ನು ದಾನಿಗಳಿಗೆ ಮೊದಲೇ ಹೇಳಿ. ಹೊಸದಾಗಿ ಕಟ್ಟುವುದಕ್ಕಿಂತ ಹಳೆಯದನ್ನು ಸರಿಪಡಿಸುವುದು ಹಲವು ಬಾರಿ ಹೆಚ್ಚು ಉಪಕಾರ, ಆದರೆ ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿಗೆ ಕೊಟ್ಟವರ ಹೆಸರನ್ನು ಎಲ್ಲಿ ಕೆತ್ತುವುದು ಎಂಬ ಸಮಸ್ಯೆಗೆ ಇನ್ನೂ ಯಾರೂ ಪರಿಹಾರ ಹುಡುಕಿಲ್ಲ.

ದತ್ತಿನಿಧಿ: ಶಾಶ್ವತ ಎಂಬ ಮಾತಿನ ಲೆಕ್ಕ

ತಂದೆತಾಯಿಯ ಹೆಸರಿನಲ್ಲಿ ಶಾಶ್ವತ ದತ್ತಿ ಇಡುವುದು ಇಲ್ಲಿ ಎಲ್ಲರಿಗೂ ಪರಿಚಿತವಾದ ದಾರಿ. ಮೂಲಧನ ಬ್ಯಾಂಕಿನಲ್ಲಿ, ಬಡ್ಡಿಯಿಂದ ಬಹುಮಾನ. ಗೌರವದ್ದು, ಕೆಲಸವೂ ಕಡಿಮೆ.

ನಮ್ಮ ಕಾಲೇಜಿನ ದತ್ತಿ ಪುಸ್ತಕದಲ್ಲಿ ಮೂವತ್ತು ಚಿಲ್ಲರೆ ವರ್ಷದ ಹಿಂದೆ ಇಟ್ಟ 5,000 ರೂಪಾಯಿಯ ಒಂದು ನಿಧಿ ಇತ್ತು. ಬ್ಯಾಂಕು ಶೇ. 10ರಷ್ಟು ಬಡ್ಡಿ ಕೊಡುತ್ತಿದ್ದ ಕಾಲದಲ್ಲಿ ಅದರಿಂದ 500 ರೂಪಾಯಿ ಬರುತ್ತಿತ್ತು, ಆ ಕಾಲಕ್ಕೆ ಅದು ಹುಡುಗನೊಬ್ಬನ ಕೈಗೆ ಒಳ್ಳೆಯ ಮೊತ್ತ. ಶೇ. 6.5ರ ಬಡ್ಡಿಗೆ ಈಗ ಬರುವುದು 325 ರೂಪಾಯಿ. ವೇದಿಕೆಗೆ ಕರೆದು ಶಾಲು ಹೊದೆಸಿ ಅದನ್ನು ಕೊಡುತ್ತೇವೆ. ಶಾಲಿನ ಬೆಲೆ ಅದಕ್ಕಿಂತ ಹೆಚ್ಚು.

ಇಂದು ವರ್ಷಕ್ಕೆ 20,000 ರೂಪಾಯಿಯ ಒಂದು ವಿದ್ಯಾರ್ಥಿವೇತನ ಕೊಡಬೇಕಾದರೆ ಅದೇ ಬಡ್ಡಿಯಲ್ಲಿ 3 ಲಕ್ಷದ ಮೇಲೆ 8,000 ಮೂಲಧನ ಬೇಕು. ಶುಲ್ಕ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಅದು ಎರಡು ಪಟ್ಟಾಗುತ್ತದೆ, ಬಡ್ಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಬಡ್ಡಿಯನ್ನೆಲ್ಲ ಹಂಚದೆ ಸ್ವಲ್ಪ ಮೂಲಧನಕ್ಕೆ ಸೇರಿಸೋಣ ಎಂದರೆ, ತೆರಿಗೆ ವಿನಾಯಿತಿ ಇರುವ ಸಂಸ್ಥೆ ಆದಾಯದ ಶೇ. 85ನ್ನು ಆ ವರ್ಷವೇ ಉದ್ದೇಶಕ್ಕೆ ಖರ್ಚು ಮಾಡಬೇಕೆಂಬ ನಿಯಮವಿದೆ. ಉಳಿಯುವ ಶೇ. 15ರಿಂದ ಮೂಲಧನ ವರ್ಷಕ್ಕೆ ಶೇ. 1ರಷ್ಟೂ ಬೆಳೆಯುವುದಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಪರಿಚಯದ ಪತ್ತಿನ ಸಂಘದಲ್ಲಿ ಇಡಲು ಹೋಗಬೇಡಿ. ಕಾನೂನು ಹೇಳಿದ ಕಡೆಯಲ್ಲೇ, ಅಂದರೆ ಶೆಡ್ಯೂಲ್ಡ್ ಬ್ಯಾಂಕ್, ಅಂಚೆ ಕಚೇರಿಯಂಥ ಕಡೆ ಇಟ್ಟರೆ ಆಡಿಟರಿಗೂ ನಿದ್ದೆ, ನಿಮಗೂ ನಿದ್ದೆ.

ಆದ್ದರಿಂದ ದತ್ತಿಗೆ ಕನಿಷ್ಠ ಮೊತ್ತವೊಂದನ್ನು ಗೊತ್ತುಮಾಡಿ, ಹಳೆಯ ಸಣ್ಣ ದತ್ತಿಗಳ ಮನೆಯವರನ್ನು ಹುಡುಕಿ, ಮೂಲಧನ ಏರಿಸುವಂತೆ ಅಥವಾ ಒಂದು ದೊಡ್ಡ ನಿಧಿಯಲ್ಲಿ ಸೇರಿಸಲು ಒಪ್ಪುವಂತೆ ಕೇಳಿ. ನಾವು ಹೀಗೆ ಕೇಳಿದಾಗ ಒಬ್ಬ ಹಿರಿಯರು ಮಾತ್ರ ಸಿಟ್ಟಾದರು. ಉಳಿದವರಿಗೆ ತಮ್ಮ ತಾಯಿಯ ಹೆಸರಿನಲ್ಲಿ 325 ರೂಪಾಯಿ ಕೊಡುತ್ತಿದ್ದಾರೆಂಬುದೇ ಗೊತ್ತಿರಲಿಲ್ಲ.

ತಿಂಗಳ ವಂತಿಗೆ: ಪಿಗ್ಮಿಯ ಊರಿಗೆ ಕಲಿಸಬೇಕೇ?

1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆಯಷ್ಟು ಕಡಿಮೆ ಹಣವನ್ನೂ ಒಯ್ಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯ ರೂಢಿ ಮಾತ್ರ ನಮ್ಮ ಪೇಟೆಗಳಲ್ಲಿ ಉಳಿದಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಹಳೆ ವಿದ್ಯಾರ್ಥಿಗಳ ವಾರ್ಷಿಕ ನಿಧಿಯನ್ನು ಕಟ್ಟಿದ್ದು 1890ರಲ್ಲಿ. ಅದರ ತಿರುಳೂ ಪಿಗ್ಮಿಯದೇ: ಒಬ್ಬನ ದೊಡ್ಡ ಚೆಕ್ಕಿಗೆ ಕಾಯದೆ ಎಲ್ಲರಿಂದ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ.

ನಮ್ಮಲ್ಲಿ ಇದು ಶುರುವಾದದ್ದು ಊಟದಿಂದ. ಹೆಬ್ರಿಯ ಕಡೆಯಿಂದ ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು ಬರುತ್ತಿದ್ದ ಒಬ್ಬ ಹುಡುಗಿ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ನಳ್ಳಿಯ ಬಳಿ ಹೋಗಿ ಎರಡು ಲೋಟ ನೀರು ಕುಡಿದು ಗ್ರಂಥಾಲಯದಲ್ಲಿ ಕುಳಿತುಕೊಳ್ಳುತ್ತಿದ್ದಳು. “ಇಷ್ಟೊಂದು ಓದುವ ಮಗು” ಎಂದು ನಾವೆಲ್ಲ ಹೊಗಳುತ್ತಿದ್ದೆವು. ಗ್ರಂಥಪಾಲಕಿ ಒಂದು ದಿನ ಕೇಳಿದರು, “ಡಬ್ಬಿ ತರುವುದಿಲ್ಲವಾ ಮಗಾ?” ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಆ ವಾರವೇ ಕಣ್ಣಿಟ್ಟು ಎಣಿಸಿದೆವು. ನೀರು ಕುಡಿದು ಗ್ರಂಥಾಲಯಕ್ಕೆ ಬರುವವರು ಅವಳೊಬ್ಬಳೇ ಆಗಿರಲಿಲ್ಲ.

ಲೆಕ್ಕ ಹಾಕಿ ನೋಡಿ. 100 ಮಕ್ಕಳಿಗೆ, ಊಟಕ್ಕೆ 30 ರೂಪಾಯಿಯಂತೆ, ವರ್ಷಕ್ಕೆ 180 ದಿನ ಎಂದರೆ 5,40,000 ರೂಪಾಯಿ. ಇದನ್ನು ದತ್ತಿನಿಧಿಯ ಬಡ್ಡಿಯಿಂದ ನಡೆಸಬೇಕಾದರೆ ಶೇ. 6.5ರಂತೆ 83 ಲಕ್ಷ ರೂಪಾಯಿ ಮೂಲಧನ ಬೇಕು. ಅಷ್ಟು ಎತ್ತುವಷ್ಟರಲ್ಲಿ ಆ ಹುಡುಗಿಯ ಮಗಳು ಕಾಲೇಜಿಗೆ ಸೇರಿರುತ್ತಾಳೆ. ವರ್ಷದ ಆ ಊಟದ ಖರ್ಚನ್ನು ತಿಂಗಳಿಗೆ 500 ರೂಪಾಯಿ ಕೊಡುವ 90 ಮಂದಿ ಕೊಟ್ಟು ಮುಗಿಸುತ್ತಾರೆ. ಈ ಒಂದು ಹೋಲಿಕೆಯನ್ನು ಬಿಳಿಯ ಹಲಗೆಯ ಮೇಲೆ ಬರೆದು ತೋರಿಸಿದ ದಿನ ನಮ್ಮ ಸಮಿತಿಯಲ್ಲಿ ಸಭಾಂಗಣದ ಮಾತು ನಿಂತಿತು.

90 ಮಂದಿಯನ್ನು ಒಟ್ಟು ಮಾಡುವುದು ಕಷ್ಟವಾಗಲಿಲ್ಲ. ಹಿಡಿದಿಟ್ಟುಕೊಳ್ಳುವುದು ಕಷ್ಟ. ಯುಪಿಐ ಆಟೋಪೇ ಇರುವುದರಿಂದ ಒಮ್ಮೆ ಅನುಮತಿ ಕೊಟ್ಟರೆ ತಿಂಗಳು ತಿಂಗಳು ಹಣ ತಾನೇ ಬರುತ್ತದೆ, 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಆದರೆ ತಾನೇ ಬರುವ ಹಣಕ್ಕೆ ತಾನೇ ನಿಲ್ಲುವ ಗುಣವೂ ಇದೆ. ಖಾತೆ ಬದಲಾಗುತ್ತದೆ, ಮೊಬೈಲ್ ಬದಲಾಗುತ್ತದೆ. ನಿಂತದ್ದನ್ನು ಗಮನಿಸಿ, ನೋಯಿಸದ ಹಾಗೆ ಫೋನ್ ಮಾಡುವವರು ಒಬ್ಬರು ಬೇಕು. ನಮಗೆ ನಿವೃತ್ತ ಪಿಗ್ಮಿ ಏಜೆಂಟರೊಬ್ಬರೇ ಸಿಕ್ಕಿದರು, ಅವರಿಗೆ ಕಲಿಸುವಂಥದ್ದು ಏನೂ ಇರಲಿಲ್ಲ.

ಎರಡನೆಯದು ಲೆಕ್ಕ. ಪ್ರತಿ ತಿಂಗಳ ಐದನೇ ತಾರೀಕಿನೊಳಗೆ ಎಲ್ಲ ವಂತಿಗೆದಾರರಿಗೂ ನಾಲ್ಕು ಸಾಲಿನ ಸಂದೇಶ ಹೋಗುತ್ತದೆ. ಒಂದು ತಿಂಗಳದ್ದು ಹೀಗಿತ್ತು: “ಕಾಲೇಜು 21 ದಿನ. ಊಟ 1,940. ಕುಚ್ಚಲಕ್ಕಿ 2 ಕ್ವಿಂಟಲ್ 40 ಕಿಲೋ. ಮಜ್ಜಿಗೆ ಎರಡು ದಿನ ಹುಳಿಯಾಗಿತ್ತು, ಕ್ಷಮಿಸಿ.” ಆ ಹುಳಿ ಮಜ್ಜಿಗೆಯ ಸಾಲಿಗೆ ಬಂದಷ್ಟು ಉತ್ತರ ನಮ್ಮ ಯಾವ ವಾರ್ಷಿಕ ವರದಿಗೂ ಬರಲಿಲ್ಲ. ಬ್ರಹ್ಮಾವರದ ಒಬ್ಬರು ಮನೆಯ ದನದ ಮಜ್ಜಿಗೆ ಕಳುಹಿಸುತ್ತೇನೆಂದರು. ಅಲ್ಲಿಂದ ಹೊರೆಕಾಣಿಕೆಯೂ ಶುರುವಾಯಿತು: ತೆಂಗಿನಕಾಯಿ, ಸೌತೆ, ಹಲಸಿನ ಕಾಲದಲ್ಲಿ ಹಲಸು. ದೇವಸ್ಥಾನಕ್ಕೆ ಹೊರೆಕಾಣಿಕೆ ಒಯ್ಯುವ ಜನಕ್ಕೆ ಕಾಲೇಜಿನ ಅಡುಗೆಮನೆಗೆ ಒಯ್ಯುವುದು ವಿಚಿತ್ರವೆನಿಸಲೇ ಇಲ್ಲ.

ಬೆಳ್ಳಿಹಬ್ಬದ ಬ್ಯಾಚು

25 ವರ್ಷವಾದ ಬ್ಯಾಚಿನವರು ಒಟ್ಟು ಸೇರಿ ಒಮ್ಮೆಗೆ ಕೊಡುವ ಕ್ರಮ ಐಐಟಿಗಳಲ್ಲಿ ಚೆನ್ನಾಗಿ ಬೇರೂರಿದೆ. ಐಐಟಿ ಬಾಂಬೆಯ 1998ರ ಬ್ಯಾಚು 2023ರಲ್ಲಿ ಬೆಳ್ಳಿಹಬ್ಬಕ್ಕೆ 57 ಕೋಟಿ ರೂಪಾಯಿ ಘೋಷಿಸಿತು. ಅದೇ ವರ್ಷ ನಂದನ್ ನಿಲೇಕಣಿ ಅಲ್ಲಿಗೆ ಸೇರಿದ 50ನೇ ವರ್ಷದ ನೆನಪಿಗೆ 315 ಕೋಟಿ ಕೊಟ್ಟರು. ಈ ಸುದ್ದಿಯ ತುಣುಕನ್ನು ನಮ್ಮ ಗುಂಪಿಗೆ ಹಾಕಿ “ನಾವು ಯಾವಾಗ?” ಎಂದು ಕೇಳಿದವರಿದ್ದಾರೆ. ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗೆ ಅದು ಸರಿಯಾದ ಪ್ರಶ್ನೆ. ಬಿ.ಎ., ಬಿ.ಕಾಂ. ಕಾಲೇಜಿನ ಬ್ಯಾಚಿನಲ್ಲಿ ಒಬ್ಬರು ಬ್ಯಾಂಕಿನ ವ್ಯವಸ್ಥಾಪಕರು, ಇಬ್ಬರು ಮುಂಬಯಿಯಲ್ಲಿ ಹೋಟೆಲಿನವರು, ಹತ್ತು ಮಂದಿ ಶಿಕ್ಷಕಿಯರು, ಒಬ್ಬ ಮೀನಿನ ಲಾರಿಯ ಮಾಲೀಕ, ಉಳಿದವರು ಸಂಸಾರ ತೂಗಿಸಿಕೊಂಡು ಇರುವವರು. ಅಲ್ಲಿ “ತಲಾ ಒಂದು ಲಕ್ಷ” ಎಂದು ಘೋಷಿಸಿದರೆ ಕೊಡಲಾಗದವರು ಕೂಟಕ್ಕೇ ಬರುವುದಿಲ್ಲ. ನಮ್ಮಲ್ಲಿ ಒಮ್ಮೆ ಹೀಗೇ ಆಯಿತು. ವೇದಿಕೆಯಲ್ಲಿ ಮೊತ್ತ ಓದುವುದನ್ನು ಬಿಟ್ಟು, ಹೆಸರುಗಳನ್ನು ಮಾತ್ರ ಅಕಾರಾದಿಯಾಗಿ ಹಾಕತೊಡಗಿದ ಮೇಲೆ ಹಾಜರಿ ಚೇತರಿಸಿಕೊಂಡಿತು. ಮೊತ್ತ ಕಡಿಮೆಯಾಯಿತೇ ಎಂದರೆ, ಮೇಲಿನ ಇಬ್ಬರು ಮೂವರದು ಸ್ವಲ್ಪ ಕಡಿಮೆಯಾಯಿತು.

ಬ್ಯಾಚಿನ ಕೊಡುಗೆಯ ಒಳ್ಳೆಯ ಗುಣವೆಂದರೆ ಸಂಘದ ಮೇಲೆ ಕೆಲಸದ ಹೊರೆ ಬೀಳುವುದಿಲ್ಲ, ಬ್ಯಾಚಿನ ನಾಲ್ಕು ಮಂದಿಯೇ ಹೊರುತ್ತಾರೆ. ಪ್ರತಿ ವರ್ಷ ಒಂದೊಂದು ಬ್ಯಾಚಿಗೆ 25 ತುಂಬುತ್ತದೆ, ಹಾಗಾಗಿ ಬತ್ತುವ ಒರತೆಯೂ ಅಲ್ಲ. ತಿಂಗಳ ವಂತಿಗೆಯನ್ನು ನಡೆಸುವ ಶಕ್ತಿ ಇಲ್ಲದ ಸಂಘಕ್ಕೆ ನಾನು ಮೊದಲು ಹೇಳುವುದು ಇದನ್ನೇ.

ಸ್ಮರಣ ಸಂಚಿಕೆ, ಯಕ್ಷಗಾನದ ಟಿಕೆಟ್, ಹುಂಡಿ

ಸಹಾಯಾರ್ಥ ಯಕ್ಷಗಾನದಿಂದ ಹಣಕ್ಕಿಂತ ಜನ ಸಿಗುತ್ತಾರೆ. ಜನ ಬೇಕಿದ್ದರೆ ಮಾಡಿ. ಸ್ಮರಣ ಸಂಚಿಕೆ ಎಂಬುದು ಜಾಹೀರಾತಿಗಾಗಿ ಅಂಗಡಿ ಅಂಗಡಿ ಅಲೆದು, ಮುದ್ರಣಾಲಯಕ್ಕೆ ಕೊಟ್ಟು, ಉಳಿದದ್ದನ್ನು ಎಣಿಸುವ ಉದ್ಯೋಗ. ಜಾಹೀರಾತಿನ ಹಣ ದಾನವಲ್ಲ, ಅದಕ್ಕೆ ದಾನಿಗೆ ಆದಾಯ ತೆರಿಗೆಯಲ್ಲಿ ಕಡಿತ ಕೊಡಿಸುವ 80ಜಿ ರಸೀದಿ ಕೊಡುವಂತಿಲ್ಲ ಎಂಬುದನ್ನು ನೆನಪಿಡಿ. ಹಾಗೆಯೇ ಕೂಟದ ಬಾಗಿಲಲ್ಲಿ ಹುಂಡಿ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಹೆಸರಿಲ್ಲದ ದಾನ ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದಾನದ ಶೇ. 5, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ. ದೇವಸ್ಥಾನದ ಹುಂಡಿಗೆ ಇದು ಅನ್ವಯಿಸುವುದಿಲ್ಲ, ಕಾಲೇಜಿನ ಹುಂಡಿಗೆ ಅನ್ವಯಿಸುತ್ತದೆ.

80ಜಿ ಎಂದ ಮೇಲೆ ಅದರ ಬಗ್ಗೆಯೂ ಒಂದು ಮಾತು. ಅದನ್ನು ತುಂಬ ದೊಡ್ಡದಾಗಿ ಹೊಗಳಿ ಕೇಳಬೇಡಿ. 10,000 ರೂಪಾಯಿ ಕೊಟ್ಟವರಿಗೆ ಸಾಮಾನ್ಯವಾಗಿ 5,000ದ ಮೇಲೆ ಕಡಿತ ಸಿಗುತ್ತದೆ, ಶೇ. 30ರ ಹಂತದಲ್ಲಿರುವವರಿಗೆ ಉಳಿಯುವುದು ಒಂದೂವರೆ ಸಾವಿರದಷ್ಟು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಏನೂ ಇಲ್ಲ, ಈಗ ಬಹಳ ಮಂದಿ ಅದರಲ್ಲೇ ಇದ್ದಾರೆ. 2,000 ರೂಪಾಯಿ ಮೀರಿದ ನಗದಿಗೂ ಕಡಿತವಿಲ್ಲ. ಸಂಘವಂತೂ ದಾನಿಗಳ ವಿವರವನ್ನು ಪ್ರತಿ ವರ್ಷ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವುದು ಕಡ್ಡಾಯ, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಜನ 80ಜಿ ಎಂದೇ ಕರೆಯುತ್ತಾರೆ, ರಸೀದಿಯಲ್ಲಿ ಏನು ಮುದ್ರಿಸಬೇಕೆಂದು ಮಾತ್ರ ಆಡಿಟರನ್ನು ಕೇಳಿ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ. ಪ್ರಯೋಗಾಲಯದ ಉಪಕರಣ, ಬಸ್ಸು, ಸೌರ ಫಲಕ ಇಂಥವಕ್ಕೆ ಒಳ್ಳೆಯದು. ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿಕೊಂಡಿರಬೇಕು. ಆ ಕಂಪನಿಯಲ್ಲಿ ನಿಮ್ಮ ಹಳೆ ವಿದ್ಯಾರ್ಥಿ ದೊಡ್ಡ ಹುದ್ದೆಯಲ್ಲಿರುವವರೆಗೆ ಬಾಗಿಲು ತೆರೆದಿರುತ್ತದೆ, ಅವರು ವರ್ಗವಾದ ವರ್ಷ ಮುಚ್ಚುತ್ತದೆ. ಸಂಬಳ, ಊಟದಂಥ ನಿತ್ಯದ ಖರ್ಚನ್ನು ಇದಕ್ಕೆ ಕಟ್ಟಿಹಾಕಬಾರದು.

ಪಾಸ್‌ಪೋರ್ಟ್ ಯಾವ ದೇಶದ್ದು?

ಕರಾವಳಿಯ ಸಂಘಗಳು ಎಡವುವುದು ಇಲ್ಲಿ. ಹೊರದೇಶದಿಂದ ಬರುವ ಹಣವೆಲ್ಲ ವಿದೇಶಿ ದೇಣಿಗೆ ಎಂದು ಹೆದರಿ ಕೆಲವರು ಕೊಲ್ಲಿಯವರನ್ನು ಕೇಳುವುದೇ ಇಲ್ಲ. ಇನ್ನು ಕೆಲವರು, ಎಲ್ಲರೂ ನಮ್ಮವರೇ ತಾನೆ ಎಂದು ಎಲ್ಲರಿಂದಲೂ ತೆಗೆದುಕೊಳ್ಳುತ್ತಾರೆ. ಎರಡೂ ತಪ್ಪು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ನೋಡುವುದು ಕೊಡುವವರ ಪೌರತ್ವವನ್ನು. ಶಾರ್ಜಾದಲ್ಲೋ ಮಸ್ಕತ್‌ನಲ್ಲೋ 30 ವರ್ಷದಿಂದ ಇರುವವರ ಕೈಯಲ್ಲಿ ಸಾಮಾನ್ಯವಾಗಿ ಭಾರತದ ಪಾಸ್‌ಪೋರ್ಟೇ ಇರುತ್ತದೆ. ಅವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕ, ಕೆನಡಾದಲ್ಲಿ ಪೌರತ್ವ ಪಡೆದವರು, ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಅವರಿಂದ ಒಂದು ರೂಪಾಯಿ ಪಡೆಯಲೂ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಘಕ್ಕೆ ಮೂರು ವರ್ಷ ವಯಸ್ಸಾಗಿ, ಆ ಮೂರು ವರ್ಷಗಳಲ್ಲಿ ಉದ್ದೇಶಕ್ಕಾಗಿ 15 ಲಕ್ಷ ರೂಪಾಯಿಯಾದರೂ ಖರ್ಚಾಗಿರಬೇಕು, ಹಣ ಇಳಿಯುವ ಖಾತೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲೇ ಇರಬೇಕು.

ನಮ್ಮಲ್ಲಿ ಅಮೆರಿಕದ ವೈದ್ಯರೊಬ್ಬರು ಪ್ರೀತಿಯಿಂದ ಹಣ ಕಳುಹಿಸಿಯೇ ಬಿಟ್ಟರು. ಆಡಿಟರು ಕೇಳಿದ ಮೊದಲ ಪ್ರಶ್ನೆ, “ಪಾಸ್‌ಪೋರ್ಟ್ ಯಾವ ದೇಶದ್ದು?” ಗೊತ್ತಿರಲಿಲ್ಲ. ಹೀಗೆ ಕೇಳುವುದು ಹೇಗೆ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಕೇಳಿ, ಹಣ ಹಿಂದಿರುಗಿಸಬೇಕಾಯಿತು. ಅವರು ಬೇಸರಪಟ್ಟುಕೊಂಡರು, ಇಲ್ಲವೆನ್ನಲಾರೆ. ತಮ್ಮನ ಖಾತೆಗೆ ಹಾಕಿಸಿ ಅಲ್ಲಿಂದ ಸಂಘಕ್ಕೆ ತಿರುಗಿಸುವ ಉಪಾಯವನ್ನು ಯಾರಾದರೂ ನಿಮಗೂ ಹೇಳಿಕೊಡುತ್ತಾರೆ. ಬೇಡ. ಆ ವೈದ್ಯರು ಈಗ ತಿಂಗಳಿಗೊಮ್ಮೆ ಶನಿವಾರ ಸಂಜೆ ನಮ್ಮ ವಿಜ್ಞಾನ ವಿಭಾಗದ ಮಕ್ಕಳೊಂದಿಗೆ ವೀಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಇಬ್ಬರು ಮಕ್ಕಳ ಪ್ರವೇಶ ಅರ್ಜಿಯನ್ನು ಸಾಲು ಸಾಲಾಗಿ ತಿದ್ದಿಕೊಟ್ಟಿದ್ದಾರೆ. ಕಳುಹಿಸಿದ ಹಣಕ್ಕಿಂತ ಅದರಿಂದಾದ ಉಪಕಾರ ದೊಡ್ಡದು.

ಸಂದರ್ಶನಕ್ಕೆ ತಯಾರು ಮಾಡುವುದು, ತಮ್ಮ ಕಚೇರಿಯಲ್ಲಿ ಎರಡು ತಿಂಗಳು ಕೆಲಸ ಕಲಿಸುವುದು, ಬೆಂಗಳೂರಿಗೆ ಮೊದಲ ಸಲ ಹೋಗುವ ಹುಡುಗನಿಗೆ ವಾರದ ಮಟ್ಟಿಗೆ ಮನೆಯಲ್ಲಿ ಜಾಗ ಕೊಡುವುದು, ಇವೆಲ್ಲ ಹಣವಿಲ್ಲದ ಕೊಡುಗೆಗಳು. ಪದವಿ ಮುಗಿಸಿ ಐದಾರು ವರ್ಷವಾದವರನ್ನು ಇದರಿಂದಲೇ ಸೇರಿಸಿಕೊಳ್ಳಬೇಕು. ಸಾಲದ ಕಂತು ಕಟ್ಟುತ್ತಿರುವವರ ಬಳಿ ದೇಣಿಗೆ ಕೇಳಿದರೆ ನಂಬರನ್ನೇ ತಡೆಹಿಡಿಯುತ್ತಾರೆ. ಉಡುಪಿಯ ಯಕ್ಷಗಾನ ಕಲಾರಂಗದ ವಿದ್ಯಾಪೋಷಕ್ ಯೋಜನೆಯ ಕಾರ್ಯಕರ್ತರು ವಿದ್ಯಾರ್ಥಿಗಳ ಮನೆಗೇ ಹೋಗಿ ಸ್ಥಿತಿಗತಿ ನೋಡಿ ಬರುತ್ತಾರೆ. ಆ ಮನೆಭೇಟಿಗೆ ಹಳೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಪಾಠವನ್ನು ನಾವು ಅವರಿಂದ ಕಲಿತೆವು. ಒಮ್ಮೆ ಮನೆ ನೋಡಿ ಬಂದವರನ್ನು ಮತ್ತೆ ಕೇಳುವ ಅಗತ್ಯ ಬೀಳುವುದಿಲ್ಲ.

ನಿಮಗೆ ಯಾವುದು?

ದುಡಿಯುವವರು ಮೂರೇ ಮಂದಿ ಇದ್ದರೆ ಬೆಳ್ಳಿಹಬ್ಬದ ಬ್ಯಾಚು ಸಾಕು, ವರ್ಷಕ್ಕೊಂದು. ಫೋನ್ ಮಾಡಲು ಬೇಸರಿಸದ ಒಬ್ಬರು, ಲೆಕ್ಕ ಬರೆಯುವ ಒಬ್ಬರು ಹೆಚ್ಚಿಗೆ ಸಿಕ್ಕಿದರೆ ತಿಂಗಳ ವಂತಿಗೆ ಆರಂಭಿಸಿ, ಅದೂ ಊಟ, ಬಸ್ ಪಾಸ್, ಪರೀಕ್ಷಾ ಶುಲ್ಕದಂಥ ಒಂದೇ ಒಂದು ಕೆಲಸಕ್ಕೆ. ಅದು ಮೂರು ವರ್ಷ ನಡೆದ ಮೇಲೆ ದತ್ತಿನಿಧಿಯ ಮಾತೆತ್ತಿ. ಅಷ್ಟು ಹೊತ್ತಿಗೆ ನಿಮ್ಮ ಲೆಕ್ಕದ ಮೇಲೆ ನಂಬಿಕೆ ಹುಟ್ಟಿರುತ್ತದೆ, ದೊಡ್ಡ ಮೊತ್ತ ಇಡುವವರು ತಾವಾಗಿ ವಿಚಾರಿಸುತ್ತಾರೆ. ಸಭಾಂಗಣವನ್ನು ನಾನು ಕೊನೆಗಿಟ್ಟಿದ್ದೇನೆ. ಹಸಿರು ಬಕೆಟ್ ನೋಡದವರು ಬೇರೆ ರೀತಿ ಹೇಳಬಹುದು.

ಕೇಳುವ ಕಾಲವನ್ನೂ ನೋಡಿಕೊಳ್ಳಿ. ಮುಂಬಯಿಯವರು ಊರಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಮದುವೆ, ಕೋಲ, ಬ್ರಹ್ಮಕಲಶಗಳ ನಡುವೆ. ಕೊಲ್ಲಿಯಲ್ಲಿ ಮಕ್ಕಳನ್ನು ಓದಿಸುವವರು ಬರುವುದು ಜುಲೈ, ಆಗಸ್ಟ್‌ನ ಸುರಿಮಳೆಯಲ್ಲಿ, ಆಗ ಅವರಿಗೆ ಪುರುಸೊತ್ತು ಇರುತ್ತದೆ. ಕ್ರಿಸ್‌ಮಸ್‌ಗೆ ಬಂದವರು ಡಿಸೆಂಬರ್ ಕೊನೆಯ ವಾರ ಸಿಗುತ್ತಾರೆ. ಉಡುಪಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪರ್ಯಾಯ ಉತ್ಸವ. ಅದರ ಹಿಂದಿನ ತಿಂಗಳು ಇಡೀ ಊರು ಹೊರೆಕಾಣಿಕೆಯ ಗಡಿಬಿಡಿಯಲ್ಲಿರುತ್ತದೆ, ನಿಮ್ಮ ರಸೀದಿ ಪುಸ್ತಕ ಒಳಗೇ ಇರಲಿ.

ಇದಕ್ಕೆಲ್ಲ ಮೊದಲು ಒಂದು ಶನಿವಾರ ಬಿಡುವು ಮಾಡಿಕೊಂಡು ಕಾಲೇಜು ಕಚೇರಿಯಲ್ಲಿ 25 ವರ್ಷ ಹಿಂದಿನ ಪ್ರವೇಶ ದಾಖಲೆ ಪುಸ್ತಕ ಕೇಳಿ. ಬೀಗದ ಕೈ ಯಾರಲ್ಲೋ ಇರುತ್ತದೆ, ಕಾಯಿರಿ. ಪುಸ್ತಕದಲ್ಲಿ ಫೋನ್ ನಂಬರ್ ಇರುವುದಿಲ್ಲ. ಮನೆಯ ಹೆಸರು, ಅಂಚೆ ಕಚೇರಿ, ತಂದೆಯ ಕಸುಬು ಇರುತ್ತದೆ: “ಬೀಡಿ ಕಟ್ಟುವುದು”, “ಹೋಟೆಲ್, ಬೊಂಬಾಯಿ”, “ಕೃಷಿ”. ಅಷ್ಟು ಸಾಕು. ಆ ಊರಿನ ಒಬ್ಬರನ್ನು ಹಿಡಿದರೆ ಎರಡು ಫೋನಿನಲ್ಲಿ ಆ ಮನೆ ಸಿಗುತ್ತದೆ. ಸಿಕ್ಕವರನ್ನು, ನಿಮ್ಮ ನಂಬರ್ ನಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳಿಯೇ ಬರೆದುಕೊಳ್ಳಿ. ಮೊದಲ ಕರೆಯಲ್ಲಿ ಹಣದ ಮಾತು ಬೇಡ. ಮೂಗಿಗೆ ಕಟ್ಟಿಕೊಳ್ಳಲು ಒಂದು ಬೈರಾಸು ಒಯ್ಯಿರಿ, ಆ ಕಪಾಟಿನ ಧೂಳು ಭಾರಿ.